ಹತ್ತು ಕಿವಿಗೆ ಒಂದು ವರದಿ

ಮಂತ್ರಾಲಯದ ರಾಘವೇಂದ್ರ ರಾಯರನ್ನು ಪರೀಕ್ಷೆ ಮಾಡಲು ಹೊರಟವರ ಕಥೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಆದವಾನಿಯ (ಈಗಿನ ಆದೋನಿ) ನವಾಬ ಸಿದ್ದಿ ಮಸೂದ್ ಖಾನ್ ತಟ್ಟೆಯಲ್ಲಿ ಮಾಂಸ ಇಟ್ಟು, ಮೇಲೆ ಬಟ್ಟೆ ಹೊದಿಸಿ, ಕಾಣಿಕೆ ಅಂತ ತಂದಿಟ್ಟನಂತೆ. ರಾಯರು ತೀರ್ಥ ಪ್ರೋಕ್ಷಿಸಿದರು. ಬಟ್ಟೆ ಸರಿಸಿದರೆ ಹೂವು, ಹಣ್ಣು. ಫಲಿತಾಂಶ ಅಲ್ಲೇ, ಎಲ್ಲರ ಕಣ್ಣೆದುರಿಗೇ. ಅದರ ಮೇಲಿನ ಕ್ರಮವೂ ಅಲ್ಲೇ: ಮಂಚಾಲೆ ಗ್ರಾಮ ದಾನ. ಕಡತ ಮೇಲಕ್ಕೆ ಹೋಗಲಿಲ್ಲ, ಷರಾ ಬಿದ್ದು ಕೆಳಕ್ಕೆ ಬರಲಿಲ್ಲ, "ಪರಿಶೀಲನೆಯಲ್ಲಿದೆ" ಅಂತ ಯಾರೂ ಅನ್ನಲಿಲ್ಲ. ಅಷ್ಟು ಚುರುಕಾಗಿ ಜಾರಿಯಾದ ಇನ್ನೊಂದು ವರದಿಯನ್ನು ಈ ಸೀಮೆ ಆಮೇಲೆ ಕಂಡಹಾಗಿಲ್ಲ.

ಎರಡನೆಯ ತಪಾಸಣೆ ಇನ್ನೂ ರಸವತ್ತು. 1671ರಲ್ಲಿ ರಾಯರು ಬೃಂದಾವನಸ್ಥರಾಗಿ ಒಂದೂಕಾಲು ಶತಮಾನ ದಾಟಿತ್ತು. 1800ರಲ್ಲಿ ನಿಜಾಮರು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. ಹೀಗೆ ಬಿಟ್ಟುಕೊಟ್ಟ ದತ್ತಮಂಡಲಗಳ ಮುಖ್ಯ ಕಲೆಕ್ಟರಾಗಿ ಬಂದವರು ಥಾಮಸ್ ಮನ್ರೋ, 1807ರವರೆಗೆ ಇಲ್ಲಿದ್ದರು. ಮಠದ ಇನಾಮು ಉಳಿಸಬೇಕೋ ಕಸಿಯಬೇಕೋ ಎಂದು ಖುದ್ದು ವಿಚಾರಣೆಗೆ ಬಂದ ಸಾಹೇಬರು ಟೋಪಿ, ಬೂಟು ಕಳಚಿ ಬೃಂದಾವನದ ಎದುರು ನಿಂತು ಯಾರ ಜತೆಗೋ ಮಾತಾಡತೊಡಗಿದರಂತೆ. ಸುತ್ತ ಇದ್ದವರಿಗೆ ಸಾಹೇಬರ ಪ್ರಶ್ನೆ ಮಾತ್ರ ಕೇಳಿಸಿತು, ಉತ್ತರ ಕೇಳಿಸಲಿಲ್ಲ. ಕೊನೆಗೆ ಇನಾಮು ಉಳಿಯಿತು.

ಈಗ ನೋಡಿ ಮಜಾ. ತಪಾಸಣೆ ಒಂದೇ, ವರದಿ ಮೂರು. ಭಕ್ತರು ಕೇಳಿಸಿಕೊಂಡದ್ದು: ರಾಯರು ಪರದೇಶದವನಿಗೂ ದರ್ಶನ ಕೊಟ್ಟರು. ಕಂಪನಿಯ ದಫ್ತರಕ್ಕೆ ಬೇಕಾದದ್ದು: ಇನಾಮು ಉಂಟೋ ಇಲ್ಲವೋ, ಒಂದು ಸಾಲು. ನೂರು ವರ್ಷದ ಮೇಲೆ, 1904ರ ಬಳ್ಳಾರಿ ಜಿಲ್ಲಾ ಗೆಜೆಟಿಯರ್ ಬರೆದ ಡಬ್ಲ್ಯೂ. ಫ್ರಾನ್ಸಿಸ್ ಇದನ್ನೇ ಊರಿನ ಐತಿಹ್ಯ ಅಂತ ಹೇಳಿ ಮುಂದೆ ನಡೆದರು. (ಆಗ ಆದೋನಿ ಬಳ್ಳಾರಿ ಜಿಲ್ಲೆಯದೇ, ನಮ್ಮನ್ನು ಆಂಧ್ರಕ್ಕೆ ಬರೆದುಕೊಟ್ಟದ್ದು 1953ರಲ್ಲಿ. ಆ ಸಂಕಟ ಇನ್ನೊಂದು ದಿನಕ್ಕಿರಲಿ.) ಯಾರಿಗೆ ಏನು ಬೇಕಿತ್ತೋ ಅವರವರಿಗೆ ಅದು ದಕ್ಕಿತು. ಮೂರರಲ್ಲಿ ಯಾವ ವರದಿಯೂ ಇನ್ನೊಂದನ್ನು ಸುಳ್ಳು ಮಾಡಲಿಲ್ಲ.

ಈಗಿನ ತಪಾಸಣೆಗಾರರು ಆದೋನಿಯಲ್ಲಿ ಎ.ಸಿ. ರೂಮು ಹಿಡಿದು, ಬೆಳಿಗ್ಗೆ ಇಡ್ಲಿ ತಿಂದು, ಜೀಪಿನಲ್ಲಿ ಕೋಸಿಗಿ, ಕೌತಾಳಂ, ಹೊಳಗುಂದ ಕಡೆ ಇಳಿಯುತ್ತಾರೆ. ಕೈಯಲ್ಲಿ ಟ್ಯಾಬು, ಕೊರಳಲ್ಲಿ ಗುರುತಿನ ಚೀಟಿ. ಯೋಜನೆ ಸುರುವಾಗುವ ಮುಂಚೆ ಬಂದರೆ ಬೇಸ್‌ಲೈನ್, ಮುಗಿದ ಮೇಲೆ ಬಂದರೆ ಎಂಡ್‌ಲೈನ್. ಎರಡಕ್ಕೂ ಪ್ರಶ್ನೆ ಒಂದೇ. ಮನೆ ಯಜಮಾನಿ ಒಲೆ ಮುಂದೆ ಕೂತು ಉತ್ತರ ಹೇಳಬೇಕು: ಎಷ್ಟು ಕುರಿ, ಎಷ್ಟು ಎಕರೆ, ಬಹಿರ್ದೆಸೆಗೆ ಎಲ್ಲಿ ಹೋಗುತ್ತೀರಿ, ಕಳೆದ ಏಳು ದಿನದಲ್ಲಿ ಎಷ್ಟು ಸಲ ಬೇಳೆ ತಿಂದಿರಿ. ಅತ್ತೆಗೂ ಹೇಳದ ಮನೆಗುಟ್ಟನ್ನೆಲ್ಲ ಹೇಳಿ ಮುಗಿಸಿದ ಆ ತಾಯಿ ಕಡೆಗೆ ಒಂದೇ ಕೇಳುತ್ತಾಳೆ: "ಇದ್ರಿಂದ ನಮ್ಗೇನರ ಬರ್ತೈತೇನಪ್ಪ?" ಹುಡುಗ ನಗುತ್ತಾನೆ, ಟ್ಯಾಬು ಆರಿಸುತ್ತಾನೆ, ಮುಂದಿನ ಮನೆಗೆ ಹೋಗುತ್ತಾನೆ. ಆ ಮನೆಗೆ ಅವನು ಮತ್ತೆ ಬಂದ ಉದಾಹರಣೆ ಇಲ್ಲ.

ಅವನ ವರದಿ ಮಾತ್ರ ತಯಾರಾಗುತ್ತದೆ. ಎತ್ತಿದರೆ ಕೈ ಸೋಲುವಷ್ಟು ದಪ್ಪ. ಮೊದಲ ಮೂವತ್ತು ಪುಟ ಯಾವ ವಿಧಾನ ಅನುಸರಿಸಿದೆವು ಎಂಬ ಪ್ರವರ. ಆಮೇಲೆ ಬಣ್ಣಬಣ್ಣದ ನಕ್ಷೆ, ಗುಂಡನೆಯ ಚಿತ್ರ, ಕಂಬದ ಚಿತ್ರ. ನಡುವೆ ಕ್ಯಾಮೆರಾ ನೋಡಿ ನಗುತ್ತಿರುವ ಮಕ್ಕಳ ಫೋಟೋ. ನೂರ ನಲವತ್ತನೆಯ ಪುಟದ ಹತ್ತಿರ, ಅಡಿಟಿಪ್ಪಣಿಯ ಪಕ್ಕದಲ್ಲಿ, ಯೋಜನೆ ನಡೆಯಲಿಲ್ಲ ಎಂಬ ಸಂಗತಿ ತಲೆತಗ್ಗಿಸಿ ಕೂತಿರುತ್ತದೆ. ಅದನ್ನೂ ನೇರವಾಗಿ ಹೇಳುವುದಿಲ್ಲ. "ಮಿಶ್ರ ಫಲಿತಾಂಶ ಕಂಡುಬಂದಿದೆ" ಅನ್ನುತ್ತಾರೆ. ಊರವರಾದರೆ ಇದನ್ನು ಎರಡು ಮಾತಿನಲ್ಲಿ ಮುಗಿಸುತ್ತಿದ್ದರು: "ಬೋರು ಹಾಕಿಸ್ಯಾರ, ನೀರಿಲ್ಲ."

ಹೀಗೆ ಅಳೆದು ನೋಡುವ ಚಾಳಿ ನಮ್ಮ ಸರಕಾರಕ್ಕೆ ಹೊಸದೂ ಅಲ್ಲ. 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಸುರುವಾದ ತಿಂಗಳಲ್ಲೇ ಅದನ್ನು ಅಳೆಯಲು ದಿಲ್ಲಿಯಲ್ಲಿ ಕಾರ್ಯಕ್ರಮ ಮೌಲ್ಯಮಾಪನ ಸಂಸ್ಥೆಯೂ ಹುಟ್ಟಿತು. 2015ರಲ್ಲಿ ಅದನ್ನು ನೀತಿ ಆಯೋಗದ ಹೊಸ ಕಚೇರಿಯೊಳಗೆ ಸೇರಿಸಿದರು. ಕರ್ನಾಟಕಕ್ಕೆ ತನ್ನದೇ ಮೌಲ್ಯಮಾಪನ ಪ್ರಾಧಿಕಾರ ಇದೆ. ಅಳೆಯುವವರಿಗೆ ಕೊರತೆ ಇಲ್ಲ ಅಂತಾಯಿತು. ಅಳೆದದ್ದನ್ನು ಅಳೆಸಿಕೊಂಡವರಿಗೆ ಬಂದು ಹೇಳುವ ಹುದ್ದೆಯೊಂದು ಮಂಜೂರಾಗಿಲ್ಲ, ಅಷ್ಟೇ.

ಒಬ್ಬೊಬ್ಬರಿಗೆ ಬೇಕಾದದ್ದು ಒಂದೊಂದು ಅನ್ನುವುದು ನಿಜ. ಜಿಲ್ಲೆಯ ದೊಡ್ಡ ಸಾಹೇಬರ ಮುಂದೆ ವರದಿ ಇಟ್ಟರೆ ಅವರು ಹಿಂದಿನಿಂದ ತಿರುವುತ್ತಾರೆ. ದುರುದ್ದೇಶವೇನೂ ಇಲ್ಲ, ಮಧ್ಯಾಹ್ನದೊಳಗೆ ಮೂರು ವೀಡಿಯೋ ಕಾನ್ಫರೆನ್ಸು ಇರುತ್ತವೆ. ಅವರಿಗೆ ಗೊತ್ತಾಗಬೇಕಾದದ್ದು ತಾನು ಈಗ ಯಾವ ಕಾಗದಕ್ಕೆ ಸಹಿ ಹಾಕಬೇಕು, ಯಾವುದಕ್ಕೆ ಹಾಕಬಾರದು ಎಂಬುದಷ್ಟೆ. ಶಾಸಕರು "ನಮ್ಮ ಕ್ಷೇತ್ರದಾಗ ಹೆಂಗ್ರಿ?" ಅನ್ನುತ್ತಾರೆ, ಪಕ್ಕದ ಕ್ಷೇತ್ರ ನಮಗಿಂತ ಕೆಟ್ಟಿದೆ ಅಂದರೆ ಅರ್ಧ ಸಮಾಧಾನ. ದುಡ್ಡು ಕೊಟ್ಟ ದಾನಿಗಳಿಗೆ, ಕೊಟ್ಟ ದುಡ್ಡಿನ ಮುಖ ಕಾಣಬೇಕು. ಪತ್ರಿಕೆಯವನಿಗೆ ಒಂದು ಅಂಕಿ, ಒಂದು ಬೈಗುಳ, ಸಂಜೆ ಐದರೊಳಗೆ. ಊರಿನ ಕಾಮಗಾರಿ ನೋಡಿಕೊಳ್ಳುವ ಫೀಲ್ಡ್ ಅಸಿಸ್ಟೆಂಟಿಗೆ ಬೇಕಾದದ್ದು ಎಲ್ಲಕ್ಕಿಂತ ಚಿಕ್ಕದು, ಎಲ್ಲಕ್ಕಿಂತ ತುರ್ತಿನದು: ಅದರಲ್ಲಿ ನನ್ನ ಹೆಸರು ಐತೋ ಇಲ್ಲೋ.

ಹಾಗಾದರೆ ಒಬ್ಬೊಬ್ಬರಿಗೆ ಒಂದೊಂದು ತರಹ ಹೇಳೋಣ ಅಂತ ಹೊರಟರೆ ಇನ್ನೊಂದು ಅಪಾಯ. ಅದರಲ್ಲಿ ಪಳಗಿದವರನ್ನು ನೋಡಬೇಕಾದರೆ ಆದೋನಿಯ ಹತ್ತಿ ಮಾರ್ಕೆಟ್ ಯಾರ್ಡಿಗೆ ಬನ್ನಿ. ನಮ್ಮ ಮಾವನಂಥ ಹಳೇ ದಲಾಲರು ಒಂದೇ ರಾಶಿಯ ಮುಂದೆ ನಿಂತು ರೈತನಿಗೆ "ಏನಪಾ, ಪೂರಾ ತ್ಯಾವ, ಕಸ ಬ್ಯಾರೆ" ಅನ್ನುತ್ತಾರೆ. ಈ ಕಡೆ ತಿರುಗಿ ಜಿನ್ನಿಂಗ್ ಮಿಲ್ಲಿನ ಸೇಟರಿಗೆ "ಸಾಹುಕಾರ್ರ, ಹಿಂಥಾ ಎಳಿ ಈ ವರ್ಷ ನೋಡಿಲ್ಲ ಬಿಡ್ರಿ" ಅನ್ನುತ್ತಾರೆ. ಹತ್ತಿ ಅದೇ, ದಲಾಲಿ ಎರಡೂ ಕಡೆ. ಬಹಳ ಜನ ಸಲಹೆಗಾರರು, ಎಲ್ಲ ಸಂಬಂಧಪಟ್ಟವರಿಗೂ ತಕ್ಕಂತೆ ವರದಿ ಮಾಡಿದ್ದೇವೆ ಅಂದರೆ ಇದನ್ನೇ ಮಾಡಿರುತ್ತಾರೆ. ದಾನಿಗಳ ಪ್ರತಿಯಲ್ಲಿ ಯಶಸ್ಸು, ಇಲಾಖೆಯ ಪ್ರತಿಯಲ್ಲಿ ಸಿಬ್ಬಂದಿ ಕೊರತೆ, ಊರಿನ ಪ್ರತಿ ಇಲ್ಲವೇ ಇಲ್ಲ. ಹೇಳುವ ಅಳತೆ ಬದಲಾಗಲಿ, ಭಾಷೆ ಬದಲಾಗಲಿ, ಮೊದಲು ಹೇಳುವ ಮಾತು ಯಾವುದೆಂಬುದೂ ಬದಲಾಗಲಿ. ಹತ್ತಿ ಒದ್ದೆ ಅಂದಮೇಲೆ ಇಬ್ಬರಿಗೂ ಒದ್ದೆಯೇ.

ಇಂಥದ್ದೊಂದು ಕೆಲಸವನ್ನು ಇಡೀ ದೇಶಕ್ಕೆ ಮೇಲ್ಪಂಕ್ತಿಯಾಗುವಂತೆ ಮಾಡಿ ತೋರಿಸಿದ್ದು, ಆಶ್ಚರ್ಯಪಡಬೇಡಿ, ನಮ್ಮ ಆಂಧ್ರವೇ. 2005ರ ಉದ್ಯೋಗ ಖಾತ್ರಿ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಕಾಮಗಾರಿಗಳ ಸಾಮಾಜಿಕ ಪರಿಶೋಧನೆ ಗ್ರಾಮಸಭೆಯ ಹೊಣೆಯಾಗಿತ್ತು. ಬಹಳಷ್ಟು ರಾಜ್ಯಗಳು ಆ ಸೆಕ್ಷನ್ ಇದ್ದ ಪುಟವನ್ನು ಅಂಟಿಸಿಯೇ ಇಟ್ಟಿದ್ದವು. ಆಂಧ್ರದಲ್ಲಿ 2006ರಲ್ಲೇ ಸುರುವಾಯಿತು. ಪಕ್ಕದ ಅನಂತಪುರ ಜಿಲ್ಲೆಯಲ್ಲಿ ಆ ವರ್ಷ ದೊಡ್ಡ ಜಾತ್ರೆಯ ಗದ್ದಲದಲ್ಲೇ ನಡೆಯಿತು. 2009ರಲ್ಲಿ ಇದಕ್ಕೆಂದೇ ಪ್ರತ್ಯೇಕ ಸೊಸೈಟಿ ಆಯಿತು. ಆಡಿಟ್ ಮಾಡುವವರು ಸೂಟು ಹಾಕಿದ ಲೆಕ್ಕಿಗರಲ್ಲ. ಕೂಲಿಕಾರರ ಮನೆಯ ಹುಡುಗ ಹುಡುಗಿಯರು; ತರಬೇತಿ ಕೊಟ್ಟು, ತಮ್ಮ ಊರು ಬಿಟ್ಟು ಬೇರೆ ಊರಿಗೆ ಕಳಿಸುತ್ತಿದ್ದರು. ತಮ್ಮೂರಿಗೇ ಕಳಿಸಿದರೆ ಏನಾಗುತ್ತದೆ ಅಂತ ನಮಗೂ ಗೊತ್ತು, ಅವರಿಗೂ ಗೊತ್ತು.

ಅಂಥ ಒಬ್ಬ ಹುಡುಗಿ ಮಂಡಲ ಆಫೀಸಿನಿಂದ ಮಸ್ಟರು (ಹಾಜರಿ ಪಟ್ಟಿ), ಎಂ ಬುಕ್ಕು (ಅಳತೆ ಪುಸ್ತಕ) ಎಲ್ಲ ತಂದು ಮನೆಮನೆಗೆ ಹೋಗುತ್ತಾಳೆ. ಪುಸ್ತಕದಲ್ಲಿ ಇರುವುದನ್ನು ಓದಿ ಹೇಳುತ್ತಾಳೆ, ಮನೆಯವರು ಹೇಳಿದ್ದನ್ನು ಬರೆದುಕೊಳ್ಳುತ್ತಾಳೆ, ಟೇಪು ಹಿಡಿದು ಗುಂಡಿ ಅಳೆಯುತ್ತಾಳೆ. ಆಮೇಲೆ ಗ್ರಾಮಸಭೆ. ಊರಿನ ಕಟ್ಟೆ, ಬೇವಿನ ಮರ, ಗಂಡಸರು ಕಟ್ಟೆಯ ಮೇಲೆ, ಹೆಂಗಸರು ಸ್ವಲ್ಪ ಆಚೆ ಗೋಡೆಯ ನೆರಳಲ್ಲಿ. ಈ ಗಡಿಯ ಊರುಗಳಲ್ಲಿ ಓದುವುದು ತೆಲುಗಿನಲ್ಲಿ, ಬೈಯುವುದು ಕನ್ನಡದಲ್ಲಿ. ಅವಳು ಯೋಜನೆಯ ಉದ್ದೇಶ ಓದುವುದಿಲ್ಲ, ವಿಧಾನ ಓದುವುದಿಲ್ಲ. ಹೆಸರು ಓದುತ್ತಾಳೆ: ಇಂಥವರ ಹೆಂಡತಿ ಇಂಥವರು, ಕೆರೆ ಹೂಳು, ಆರು ದಿನ, ಇಷ್ಟು ರೂಪಾಯಿ.

ಗೋಡೆಯ ನೆರಳಿನಿಂದ ಒಬ್ಬ ಅವ್ವ ಎದ್ದಳು ಅಂತಿಟ್ಟುಕೊಳ್ಳಿ. "ಯಾವಾಗವ್ವ ಅದು?"

"ಸಂಕ್ರಾಂತಿ ಆದ ವಾರ."

"ಆ ವಾರ ನಾ ಗುಂಟೂರಾಗ ಮೆಣಸಿನಕಾಯಿ ಬಿಡಸಾಕತ್ತಿದ್ದೆ. ಊರಾಗ ಇದ್ದದ್ದು ನಮ್ಮತ್ತಿ ಒಬ್ಬಾಕಿ. ಆಕಿಗೆ ಹಾಸಿಗಿ ಬಿಟ್ಟು ಏಳಾಕ ಬರಂಗಿಲ್ಲ."

ಕಟ್ಟೆಯ ಮೇಲೆ ನಗು. ಮುಂದಿನ ಹೆಸರು ಓದಿದರೆ ನಗು ನಿಲ್ಲುತ್ತದೆ. ಆ ಮನುಷ್ಯ ಸತ್ತು ಎರಡು ವರ್ಷ, ಆದರೂ ಪುಸ್ತಕದಲ್ಲಿ ಗುಂಡಿ ತೋಡಿ ಕೂಲಿ ಎಣಿಸಿಕೊಂಡಿದ್ದಾನೆ. ಇಂಥ ಸತ್ತವರ ದುಡಿಮೆ ಸಾಮಾಜಿಕ ಪರಿಶೋಧನೆಗಳಲ್ಲಿ ಪದೇಪದೇ ಹೊರಬಿದ್ದ ಸರಕು. ಫೀಲ್ಡ್ ಅಸಿಸ್ಟೆಂಟು ಅಷ್ಟೊತ್ತಿಗೆ ಫೋನು ಕಿವಿಗಿಟ್ಟುಕೊಂಡು ಮರದ ಆಚೆ ಬದಿಗೆ ಸರಿದಿರುತ್ತಾನೆ. ಆ ಫೋನಿನಲ್ಲಿ ಆ ತುದಿಗೆ ಯಾರೂ ಇರುವುದಿಲ್ಲ.

ಅದೇ ಸಂಗತಿ ಮಂಡಲ ಮಟ್ಟದ ಪ್ರಜಾವೇದಿಕೆಗೆ ಬರುವಾಗ ಅದರ ರೂಪ ಬೇರೆ. ಅಲ್ಲಿ ಶಾಮಿಯಾನ, ಮೈಕು, ವೇದಿಕೆಯ ಮೇಲೆ ಅಧಿಕಾರಿಗಳು, ಚುನಾಯಿತರು, ಎದುರಿಗೆ ಪತ್ರಿಕೆಯವರು. ಅಲ್ಲಿ ಅವ್ವನ ಅತ್ತೆಯ ಹಾಸಿಗೆಯ ಕಥೆ ಪೂರ್ತಿ ಹೇಳುವುದಿಲ್ಲ. ಊರು, ಕಾಮಗಾರಿ, ಮೊತ್ತ, ಹೊಣೆ ಯಾರದು. ಆಪಾದನೆ ಹೊತ್ತವನಿಗೂ ಮೈಕು ಕೊಡುತ್ತಾರೆ. ಸಭೆಯ ಅಧಿಕಾರಿ ಅಲ್ಲೇ ತೀರ್ಮಾನ ಬರೆಸುತ್ತಾರೆ: ಇಷ್ಟು ವಸೂಲಿ, ಇಂಥವನ ಅಮಾನತು, ಇದು ಮರುವಿಚಾರಣೆ. ಆಮೇಲೆ ಆಗಿನ ರಾಜಧಾನಿ ಹೈದರಾಬಾದಿಗೆ ಹೋಗುತ್ತಿದ್ದದ್ದು ಕೋಷ್ಟಕ. ಅದು ಕಂಪ್ಯೂಟರಿಗೆ ಏರಿ ಯಾರು ಬೇಕಾದರೂ ನೋಡುವ ಹಾಗಾಯಿತು. ಒಂದೇ ಸಂಗತಿ ಕಟ್ಟೆಯಲ್ಲಿ ಹೆಸರಾಗಿ, ಶಾಮಿಯಾನದಲ್ಲಿ ಆದೇಶವಾಗಿ, ರಾಜಧಾನಿಯಲ್ಲಿ ಅಂಕಿಯಾಗಿ ಹೋಯಿತು. ಮೊದಲು ಕೇಳಿಸಿಕೊಂಡವಳು ಅವ್ವ. ಈ ಕ್ರಮವನ್ನು ಉಲ್ಟಾ ಮಾಡಿ ನೋಡಿ, ಎಲ್ಲ ಸಪ್ಪೆಯಾಗುತ್ತದೆ.

ಇದರಿಂದ ರಾಮರಾಜ್ಯ ಬಂತೆಂದು ನಾನು ಹೇಳಿದರೆ ನನ್ನದೂ ದಲಾಲಿಯ ವರದಿಯಾದೀತು. ಆಂಧ್ರದ ಈ ಆಡಿಟ್ ವರದಿಗಳನ್ನೇ ಸುತ್ತು ಸುತ್ತಾಗಿ ಹೋಲಿಸಿ ನೋಡಿದ ಅರ್ಥಶಾಸ್ತ್ರಜ್ಞರು ಫರ್ಜಾನಾ ಅಫ್ರೀದಿ ಮತ್ತು ವೇಗಾರ್ಡ್ ಐವರ್ಸೆನ್. ಅವರಿಗೆ ಕಂಡದ್ದು ಸ್ವಾರಸ್ಯವಾಗಿದೆ: ಕೂಲಿ ಲೆಕ್ಕದ ಅಕ್ರಮದ ಮೊತ್ತ ಒಂದಿಷ್ಟು ತಗ್ಗಿತು, ಹಿಡಿಯಲು ಕಷ್ಟವಾದ ಸಾಮಗ್ರಿ ಲೆಕ್ಕದ ಅಕ್ರಮ ಹೆಚ್ಚಿತು. ನಮ್ಮೂರಿನ ಬುದ್ಧಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಆರು ದಿನದ ಕೂಲಿ ಓದಿದರೆ ಗೋಡೆಯ ನೆರಳಿನಿಂದ ಯಾರಾದರೂ ಏಳುತ್ತಾರೆ. "ಜಲ್ಲಿ ಇಷ್ಟು ಘನ ಮೀಟರು, ಸಿಮೆಂಟು ಇಷ್ಟು ಚೀಲ" ಅಂತ ಓದಿದರೆ ಯಾರು ಏಳಬೇಕು? ಜಲ್ಲಿಗೆ ಅತ್ತೆಯೂ ಇಲ್ಲ, ಸೊಸೆಯೂ ಇಲ್ಲ. ಕಳ್ಳ ಕೂಡ ವರದಿ ಓದುತ್ತಾನೆ. ಅದರಲ್ಲಿ ಯಾವ ಸಾಲು ಜನಕ್ಕೆ ತಿಳಿಯುವುದಿಲ್ಲವೋ ಅಲ್ಲಿಗೆ ಮನೆ ಬದಲಿಸುತ್ತಾನೆ. ಸಾಮಗ್ರಿಯ ಲೆಕ್ಕವನ್ನೂ ಮನೆಯ ಲೆಕ್ಕಕ್ಕೆ ಇಳಿಸಿ ಹೇಳುವ ಜಾಣತನ ಬೇಕಿತ್ತು: "ಈ ಚರಂಡಿಗೆ ಬರೆದಿರುವ ಸಿಮೆಂಟಿನಲ್ಲಿ ನಿಮ್ಮ ಓಣಿಯ ಎಷ್ಟು ಮನೆ ಕಟ್ಟಬಹುದಿತ್ತು, ಗೌಂಡಿಯನ್ನು ಕೇಳಿ."

ಹೆಸರಿನ ಮಹಿಮೆ ಹಳ್ಳಿಗಷ್ಟೇ ಅಲ್ಲ. ಹೊಳೆ ದಾಟಿ ರಾಯಚೂರು ಜಿಲ್ಲೆಗೆ ಹೋಗಿ, ಯಾವ ಚಹದಂಗಡಿಯಲ್ಲಿ ಬೇಕಾದರೂ ನಂಜುಂಡಪ್ಪ ವರದಿ ಅನ್ನಿ. ನಾಲ್ಕು ಜನ ತಿರುಗಿ ನೋಡುತ್ತಾರೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಪ್ರಾದೇಶಿಕ ಅಸಮತೋಲನದ ಬಗ್ಗೆ 2002ರಲ್ಲಿ ಕೊಟ್ಟ ಆ ವರದಿ ಓದಲು ಹಗುರವೇನಲ್ಲ. ಅದರೊಳಗಿನ ಸೂಚ್ಯಂಕ ಕಟ್ಟಿದ ಬಗೆಯನ್ನು ಕೇಳಿದರೆ ಚಹ ಆರಿಹೋಗುತ್ತದೆ. ಆದರೆ 114 ತಾಲ್ಲೂಕು ಹಿಂದುಳಿದವು, ಅದರಲ್ಲಿ 39 ಅತ್ಯಂತ ಹಿಂದುಳಿದವು ಎಂಬ ಪಟ್ಟಿ ಮಾತ್ರ ಬಾಯಿಗೆ ಬಂದುಬಿಟ್ಟಿತು. ದೇವದುರ್ಗ ಕಟ್ಟಕಡೆಗೆ ಅಂತ ದೇವದುರ್ಗದವರೇ ಹೇಳುತ್ತಾರೆ, ಬೇಜಾರಿನಲ್ಲಿ ಅರ್ಧ, ಹಕ್ಕಿನಲ್ಲಿ ಅರ್ಧ. ಎಂಟು ವರ್ಷಕ್ಕೆ 31,000 ಕೋಟಿ ಎಂಬ ಶಿಫಾರಸನ್ನು ಹಿಡಿದು ಎಷ್ಟು ಶಾಸಕರು ಎಷ್ಟು ಭಾಷಣ ಮಾಡಿದರೋ. ದಪ್ಪ ವರದಿ ಬೀರುವಿನಲ್ಲಿ ಮಲಗಿತು, ಪಟ್ಟಿ ಎದ್ದು ತಿರುಗಾಡಿತು. ಯಾಕೆ? ಪ್ರತಿಯೊಬ್ಬನೂ ಅದರಲ್ಲಿ ತನ್ನ ತಾಲ್ಲೂಕು ಹುಡುಕಿದ, ಸಿಕ್ಕಿತು.

ಬೆಂಗಳೂರಿನಲ್ಲಿ ಸ್ಯಾಮ್ಯುಯೆಲ್ ಪಾಲ್ ಅವರ ಪಬ್ಲಿಕ್ ಅಫೇರ್ಸ್ ಸೆಂಟರ್ 1994ರಲ್ಲಿ ಮಾಡಿದ್ದೂ ಇದೇ ಜಾತಿಯ ಕೆಲಸ. ನೀರು, ಕರೆಂಟು, ನಿವೇಶನದ ಇಲಾಖೆಗಳಿಗೆ ಜನರಿಂದಲೇ ಅಂಕಪಟ್ಟಿ ಕೊಡಿಸಿದರು. ಅಂಕಪಟ್ಟಿ ಅಂದರೆ ಯಾವ ತಂದೆ ತಾಯಿಗೂ ವಿವರಣೆ ಬೇಕಿಲ್ಲ. ಪತ್ರಿಕೆಯಲ್ಲಿ ತಮ್ಮ ಇಲಾಖೆಯ ಅಂಕ ನೋಡಿದ ಮುಖ್ಯಸ್ಥರಿಗೆ ಬಿಸಿ ತಗಲಿತು. 1999ರಲ್ಲಿ, 2003ರಲ್ಲಿ ಮತ್ತೆ ಅಳೆದರು. ಕಡೆಯ ಸಲಕ್ಕೆ ಜನರ ಸಮಾಧಾನ ಎಷ್ಟೋ ಮೇಲೇರಿತ್ತು. ಹಾಗೆಯೇ ಅಸರ್ ಸಮೀಕ್ಷೆ. 2005ರಿಂದ ಮನೆಬಾಗಿಲಲ್ಲಿ ಮಗುವಿನ ಕೈಗೆ ಒಂದು ಹಾಳೆ ಕೊಟ್ಟು ಓದಿಸುತ್ತಾರೆ. ಐದನೇ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಎರಡನೇ ತರಗತಿಯ ಪಾಠ ಓದಲು ಬರುವುದಿಲ್ಲ ಎಂಬ 2022ರ ಮಾತು ಮಂತ್ರಿಗೂ ತಿಳಿಯುತ್ತದೆ, ಮುಖ್ಯೋಪಾಧ್ಯಾಯರಿಗೂ ತಿಳಿಯುತ್ತದೆ. ಮಗು ಓದುವಾಗ ಹೊಸ್ತಿಲಲ್ಲಿ ನಿಂತ ತಾಯಿಗೆ ವರದಿ ಬರುವ ಮೊದಲೇ ತಿಳಿದಿರುತ್ತದೆ.

ವರದಿಗಳ ಶೇಕಡಾವಾರಿನ ಬಗ್ಗೆ ನನ್ನದೊಂದು ತಕರಾರಿದೆ. ಹಳ್ಳಿಯ ಸಭೆಯಲ್ಲಿ "62.3" ಅಂದರೆ ಆ ದಶಾಂಶ ಮೂರು ಯಾರ ಮನೆಯದು ಅಂತ ಯಾರೂ ಕೇಳುವುದಿಲ್ಲ, ಭಯಕ್ಕೆ. "ಹತ್ತು ಮನೆಯೊಳಗ ಆರು ಮನಿಗೆ ನಳದ ನೀರು ಬಂದೈತಿ, ನಾಕು ಮನಿಗಿಲ್ಲ" ಅನ್ನಿ, ಆ ನಾಲ್ಕು ಮನೆಯವರು ಅಲ್ಲೇ ಕೈ ಎತ್ತುತ್ತಾರೆ. ಸಾಹೇಬರಿಗೆ ದಶಾಂಶ ಇರಲಿ; ಅದಿಲ್ಲದಿದ್ದರೆ ಅವರಿಗೆ ವರದಿ ಗಟ್ಟಿ ಅನಿಸುವುದಿಲ್ಲ.

ಕೆಟ್ಟ ಸುದ್ದಿಯನ್ನು ಹೇಳುವ ಕಲೆ ಇನ್ನೊಂದು. ಯೋಜನೆ ನಡೆಸಿದವನನ್ನು ತುಂಬಿದ ಸಭೆಯಲ್ಲಿ ಮೊದಲ ಸಲ ಎಬ್ಬಿಸಿ ನಿಲ್ಲಿಸಿದರೆ ಅವನು ತಪ್ಪು ತಿದ್ದುವುದಿಲ್ಲ, ತನ್ನ ಪರ ವಕೀಲನಾಗುತ್ತಾನೆ. ಹಿಂದಿನ ದಿನವೇ ಕರೆದು, ಕಾಗದ ಮುಂದಿಟ್ಟು, "ಇದು ಹಿಂಗ ಕಾಣ್ತದ, ನಿಮ್ಮ ಮಾತೇನು?" ಅಂದರೆ ಅರ್ಧ ಜಗಳ ಅಲ್ಲೇ ಇಳಿಯುತ್ತದೆ. ಒಮ್ಮೊಮ್ಮೆ ಅವನ ಮಾತೇ ಸರಿ ಇರುತ್ತದೆ: ತುಂಗಭದ್ರೆಯ ಕೆಳಮಟ್ಟದ ಕಾಲುವೆಯಲ್ಲಿ ನೀರೇ ಬರದಿದ್ದರೆ ತುದಿಯ ಊರಿನ ಫೀಲ್ಡ್ ಅಸಿಸ್ಟೆಂಟು ಗಿಡ ಒಣಗಿದ್ದಕ್ಕೆ ಏನು ಮಾಡಿಯಾನು?

ಇನ್ನು ಹೊತ್ತು ನೋಡಿ ಹೇಳುವುದು. ಆದೋನಿ, ಕೋಸಿಗಿ ಕಡೆಯ ಊರುಗಳಿಂದ ಜನ ಗುಂಟೂರು ಕಡೆಗೆ ಗುಳೆ ಹೋಗುವ ಕಾಲದಲ್ಲಿ ಗುಳೆಯ ಬಗ್ಗೆ ಸಭೆ ಕರೆಯುವ ಮಹಾನುಭಾವರಿದ್ದಾರೆ. ಓಣಿಯುದ್ದಕ್ಕೂ ಬೀಗ. ಸಭೆಗೆ ಬಂದವರು ಹೋಗಲಾರದ ಮುದುಕರು, ಶಾಲೆಯ ಮೇಷ್ಟರು ಮತ್ತು ಸಭೆ ಕರೆದವರ ಡ್ರೈವರು. "ಸಮುದಾಯದ ಸಹಭಾಗಿತ್ವ ಕಡಿಮೆ ಇತ್ತು" ಅಂತ ಆಮೇಲೆ ಬರೆಯುತ್ತಾರೆ.

ಈ ಹರಟೆ ಓದುತ್ತಿರುವ ನಿಮ್ಮ ಊರಿಗೂ ಒಂದು ದಿನ ಟ್ಯಾಬು ಹಿಡಿದ ಹುಡುಗ ಬರುತ್ತಾನೆ. ಒಳ್ಳೆಯ ಮಜ್ಜಿಗೆ ಕೊಡಿ, ಕುರಿಯ ಲೆಕ್ಕ ಸರಿಯಾಗಿ ಹೇಳಿ. ಟ್ಯಾಬು ಆರಿಸುವ ಮುಂಚೆ ಮಾತ್ರ ತಡೆದು ಕೇಳಿ: "ತಮ್ಮಾ, ಇದರ ಉತ್ತರ ನಮ್ಮ ಕಟ್ಟೆಗೆ ಯಾವತ್ತು ತರ್ತಿ? ತಾರೀಕು ಹೇಳು." ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಅವನ ಕೈಯಿಂದಲೇ ಬರೆಸಿಕೊಳ್ಳಿ.